ಬೆಸೆಯದ ಸ್ಪಂಜು

ಸ್ಪಂಜು ಕೊಳ್ಳುವ ಕಂಪನಿಯ ಹಾಲರನ್ "ಕೊಳಕು" ಎಂಬ ಮಾತನ್ನು ಬಾಯಿಬಿಟ್ಟು ಹೇಳಲಿಲ್ಲ. ಅಷ್ಟು ದಡ್ಡನಲ್ಲ ಅವನು. ಸಭೆಯ ಮನೆಯ ಮೇಲ್ಭಾಗದಲ್ಲಿ, ನಮ್ಮ ದೊರೆ ರಾತು ಸೈರುಸಿಯ ಪಕ್ಕ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ. ಯಂಗೋನಾ ಬೇರಿನ ಪಾನೀಯ ತುಂಬಿದ ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಗುಟುಕಿಗೆ ಕುಡಿದು, ಪದ್ಧತಿ ತಪ್ಪದಂತೆ ಚಪ್ಪಾಳೆ ತಟ್ಟಿದ. ಆಮೇಲೆ "ನೀರಿನ ಗುಣಮಟ್ಟ" ಎಂದ. ಹಾಗೆ ಅನ್ನುವಾಗ ಹೊರಗಿನ ಹಂದಿದೊಡ್ಡಿಯ ಕಡೆ ನೋಡಿದ. ನಾವು ಬಟ್ಟೆ ಒಗೆಯುವ ತೊರೆಯ ಕಡೆ ನೋಡಿದ. ಕೊನೆಗೆ ಬಾಗಿಲ ಬಳಿ ಕುಳಿತಿದ್ದ ನಮ್ಮ ಕಡೆ, ಹೆಂಗಸರ ಕಡೆ, ನೋಡಿದ.

ಆ ನೋಟ ನಮಗೆ ಹೊಸದಲ್ಲ. ನಮ್ಮ ಮುತ್ತಜ್ಜಿಯರ ಕಾಲದಲ್ಲಿ ಈ ದ್ವೀಪಕ್ಕೆ ಮೊದಲು ಸೋಪು ಬಂತು, ಆಮೇಲೆ ಅಂಗಿ ಬಂತು, ಅದರ ಬೆನ್ನಿಗೇ ಗುತ್ತಿಗೆಯ ಕಾಗದ ಬಂತು. ನಮ್ಮನ್ನು ಕೊಳಕರೆಂದು ಕಂಡವರು ಯಾರೂ ಬರಿಗೈಯಲ್ಲಿ ಹಿಂದಿರುಗಿದ್ದಿಲ್ಲ.

ಈ ಸಲ ಕಣ್ಣು ಬಿದ್ದದ್ದು ನಮ್ಮ ಸ್ಪಂಜಿನ ತೋಟದ ಮೇಲೆ.

ನಮ್ಮೂರು ನುಕುವುಲಾದ ಹವಳದ ದಿಬ್ಬದೊಳಗಿನ ತಿಳಿನೀರಿನಲ್ಲಿ ನಾವು ಹೆಂಗಸರು ಹಗ್ಗ ಕಟ್ಟಿ ಸ್ಪಂಜು ಬೆಳೆಯುತ್ತೇವೆ. ಮುಷ್ಟಿಯಷ್ಟು ತುಂಡು ಕತ್ತರಿಸಿ ಹಗ್ಗಕ್ಕೆ ಪೋಣಿಸಿದರೆ ಸಾಕು, ಮೇವು ಬೇಡ, ಗೊಬ್ಬರ ಬೇಡ. ಅದು ಮೈತುಂಬ ಇರುವ ತೂತುಗಳಿಂದ ಕಡಲನ್ನು ಒಳಗೆಳೆದುಕೊಂಡು, ಸೋಸಿ ತಿಂದು, ಮಿಕ್ಕ ನೀರನ್ನು ಹೊರಗೆ ಬಿಡುತ್ತದೆ. ಬಾಯಿಲ್ಲ, ಹೊಟ್ಟೆಯಿಲ್ಲ, ಎದೆಯಿಲ್ಲ, ತಲೆಯಂತೂ ಇಲ್ಲವೇ ಇಲ್ಲ. ಆದರೂ ಬದುಕುತ್ತದೆ, ಬೆಳೆಯುತ್ತದೆ. ಬೆಳೆದದ್ದನ್ನು ಕೊಯ್ದು, ಮಾಂಸ ಕೊಳೆಸಿ, ಹಿಂಡಿ ಹಿಂಡಿ ತೊಳೆದರೆ ಮೆತ್ತನೆಯ ಗೂಡೊಂದು ಉಳಿಯುತ್ತದೆ. ದೂರದ ಊರಿನ ಸಿರಿವಂತರು ಮೈ ಉಜ್ಜಿಕೊಳ್ಳುವುದು ಈ ಅಸ್ಥಿಪಂಜರದಿಂದ. ನಮ್ಮ ಮಕ್ಕಳ ಓದು, ಮನೆಗಳ ತಗಡು, ಚರ್ಚಿನ ಗಂಟೆ ಎಲ್ಲ ಈ ತೋಟದ್ದೇ. ಗಂಡಸರ ದೋಣಿಗೆ ಸುರಿಯುವ ಎಣ್ಣೆಯೂ ಅದರದ್ದೇ, ಅವರು ಒಪ್ಪಲಿ ಬಿಡಲಿ.

ಈ ಬೇಸಿಗೆ ನೀರು ಕಾದಿತ್ತು. ಮೊದಲು ಒಂದು ಹಗ್ಗದಲ್ಲಿ ಬಿಳಿ ಮಚ್ಚೆ ಕಂಡಿತು, ಒದ್ದೆ ಬೂದಿ ಮೆತ್ತಿದ ಹಾಗೆ. ಬೆರಳಿಟ್ಟರೆ ಮಾಂಸ ಕಳಚಿ ಬರುತ್ತಿತ್ತು. ಅಲ್ಲಿಂದ ಪಕ್ಕದ ಹಗ್ಗಕ್ಕೆ, ಅದರ ಪಕ್ಕದ್ದಕ್ಕೆ. ಹಾಲರನ್ ತಂದ ಮದ್ದು ಎರಡು. ಒಂದು, ಕಂಪನಿಯ ಪುಡಿ: ನೀರಲ್ಲಿ ಕದಡಿ ಸ್ಪಂಜನ್ನು ಅದ್ದಿದರೆ ಸೂಕ್ಷ್ಮಜೀವಿಗಳೆಲ್ಲ ಸಾಯುತ್ತವಂತೆ. ಎರಡನೆಯದು, ಗುತ್ತಿಗೆ: ಹದಿನೈದು ವರ್ಷ ತೋಟವನ್ನು ಕಂಪನಿಯೇ ನಡೆಸುತ್ತದೆ, ನಾವು ಅಲ್ಲಿ ಕೂಲಿಗೆ ಬರಬಹುದು.

"ಮುಂದಿನ ಸಲ ನೀನು ಬರೋ ಹೊತ್ತಿಗೆ ಉತ್ತರ ಹೇಳ್ತೀನಿ," ಎಂದ ರಾತು. ಬಿಳಿಚಿಕೊಂಡ ತೋಟವನ್ನು ಅವನೂ ಕಂಡಿದ್ದ, ಹೆದರಿದ್ದ. ಹೆದರಿದ ದೊರೆ ಸಹಿ ಹಾಕುತ್ತಾನೆ. ಅದನ್ನು ನಮ್ಮ ದ್ವೀಪಗಳು ಹಿಂದೆಯೂ ಕಂಡಿವೆ.

ಹೊರಗೆ ಬಂದೊಡನೆ ತರೈವಿನಿ ಸೊಂಟದ ಮೇಲೆ ಕೈಯಿಟ್ಟಳು. ತೋಟ ಶುರುಮಾಡಿದ್ದೇ ಅವಳು. ಅಲೆಯ ಸದ್ದನ್ನೂ ಮೀರಿಸುವ ಗಂಟಲು.

"ಕೇಳಿದ್ಯೇನೇ ಕೆಲೆರಾ? ನಾವು ಕೊಳಕರಂತೆ!"

"ಅತ್ತಿಗೆ, ನೀನು ಕೊಳಕಿ ಅನ್ನೋದು ಹಳೇ ಸುದ್ದಿ," ಎಂದಳು ಕೆಲೆರಾ. "ಸ್ಪಂಜು ಸಾಯ್ತಿರೋದು ಮಾತ್ರ ಅದಕ್ಕಲ್ಲ."

ಕೆಲೆರಾ ತರೈವಿನಿಗೆ ನಾದಿನಿ, ಗಂಡನ ತಂಗಿ. ರಾಜಧಾನಿ ಸುವಾದಲ್ಲಿ ಕಡಲಜೀವಿಗಳ ಬಗ್ಗೆ ಓದಿ, ಅಲ್ಲೇ ಕೆಲವು ವರ್ಷ ಪಾಠ ಹೇಳಿ, ಬಿಸ್ಕತ್ತಿನ ಡಬ್ಬಿಯಲ್ಲಿ ಒಂದು ಹಳೆಯ ಸೂಕ್ಷ್ಮದರ್ಶಕ ಇಟ್ಟುಕೊಂಡು ಊರಿಗೆ ಮರಳಿದವಳು. ಅತ್ತಿಗೆ ನಾದಿನಿಯರು ಒಬ್ಬರನ್ನೊಬ್ಬರು ಬೈಯದಿದ್ದರೆ ನಮ್ಮಲ್ಲಿ ಜನ "ಏನಾಯ್ತು, ಜಗಳವಾ?" ಎಂದು ಕೇಳುತ್ತಾರೆ.

"ಮತ್ತೆ ಯಾವುದಕ್ಕೇ ಸಾಯ್ತಿದೆ, ಪಂಡಿತಮ್ಮ?"

"ಗೊತ್ತಿಲ್ಲ. ಗೊತ್ತು ಮಾಡ್ಕೊಳ್ಳೋಣ. ಪುಡಿ ಮಾತ್ರ ಯಾರೂ ಮುಟ್ಟಬೇಡಿ."

ಮುಟ್ಟದೆ ಇದ್ದಾರೆಯೇ? ರಾತುವಿನ ಕೈಕೆಳಗೆ ಊರ ಕೆಲಸ ನೋಡುವ ಮುಖಂಡನಿಗೆ ಹಾಲರನ್‌ನ ಮೇಲೆ ಬಲು ನಂಬಿಕೆ. ತನ್ನ ಹೆಂಡತಿಯ ಎರಡು ಹಗ್ಗಗಳನ್ನು ಬಿಚ್ಚಿಸಿ, ಪೀಪಾಯಿಯಲ್ಲಿ ಪುಡಿ ಕದಡಿ, ಪಾದ್ರಿ ಮಗುವಿಗೆ ದೀಕ್ಷಾಸ್ನಾನ ಮಾಡಿಸುವ ಗಾಂಭೀರ್ಯದಿಂದ ಒಂದೊಂದೇ ಸ್ಪಂಜನ್ನು ಅದ್ದಿದ. ಅವುಗಳಲ್ಲಿ ಮಚ್ಚೆಯಿಲ್ಲದ ಗಟ್ಟಿಮುಟ್ಟಾದವೂ ಇದ್ದವು. ವಾರ ಕಳೆಯುವುದರೊಳಗೆ ಎರಡೂ ಹಗ್ಗಗಳ ಸ್ಪಂಜು ಜೋಲುಬಿದ್ದವು. ನೀರಿನಿಂದ ಎತ್ತಿದರೆ ಸತ್ತ ಇಲಿಯ ವಾಸನೆ. ಮಚ್ಚೆಯಿಲ್ಲದವು ಮೊದಲು ಸತ್ತಿದ್ದವು.

ಕೆಲೆರಾ ಅದರಿಂದ ಒಂದು ಚೂರು, ಇನ್ನೂ ಚೆನ್ನಾಗಿದ್ದ ಸ್ಪಂಜಿನಿಂದ ಒಂದು ಚೂರು ತೆಗೆದು ಗಾಜಿನ ಮೇಲಿಟ್ಟಳು. ಅವಳ ಮನೆಯ ಕಿಟಕಿಯ ಬಳಿ ನಾವು ಸರದಿ ನಿಂತೆವು.

"ಒಂದು ಕಣ್ಣು ಮುಚ್ಚಿ ನೋಡು, ಉನೈಸಿ," ಎಂದಳು ನನಗೆ. ನೋಡಿದೆ. ಒಂದು ಗೂಡಿನೊಳಗೆ ಸಣ್ಣ ಸಣ್ಣ ಗುಂಡು ಕೋಶಗಳು, ಒಂದೊಂದಕ್ಕೂ ಒಂದೊಂದು ಬಾಲ. ಎಲ್ಲವೂ ಚಾಟಿ ಬೀಸುವ ಹಾಗೆ ಬಾಲ ಬೀಸುತ್ತಿದ್ದವು. ಅವು ಬೀಸಿದ್ದರಿಂದಲೇ ನೀರು ಒಳಗೆ ಬರುತ್ತದಂತೆ. ಅವುಗಳ ಸುತ್ತ, ನಡುವೆ, ಸಂದಿಗೊಂದಿಯಲ್ಲಿ, ಇನ್ನೂ ಸಣ್ಣ ಚುಕ್ಕಿಗಳು. ಎಣಿಸಲಾರದಷ್ಟು. ಸಂತೆಯ ದಿನದ ದಕ್ಕೆಯ ಹಾಗೆ.

"ಈ ಬಾಲದ ಕೋಶ ಇದೆಯಲ್ಲ, ಇದೇ ತರದ ಒಂಟಿ ಜೀವಿ ಈಗಲೂ ಕಡಲಲ್ಲಿ ಒಂಟಿಯಾಗೇ ತೇಲ್ತಾ ಇರುತ್ತೆ," ಎಂದಳು ಕೆಲೆರಾ. "ಕೋಟಿ ಕೋಟಿ ವರ್ಷದ ಹಿಂದೆ ಅಂಥವು ಕೆಲವು 'ಒಂಟಿ ಬಾಳು ಸಾಕು, ಒಟ್ಟಿಗಿರೋಣ' ಅಂದ್ವು. ಅಲ್ಲಿಂದ ಶುರು ಪ್ರಾಣಿ ಅನ್ನೋದು. ಹಂದಿ, ಹಾಲರನ್, ನಾನು, ನೀನು, ಎಲ್ಲ."

"ಹಾಗಾದ್ರೆ ಇದು ನಮ್ಮಜ್ಜಿ," ಎಂದಳು ತರೈವಿನಿ.

"ಅಜ್ಜಿಯ ಕಡೆ ಅತ್ತೆ ಅನ್ಕೋ."

"ಮತ್ತೆ ಈ ಚುಕ್ಕಿಗಳು?"

"ಅವು ಸ್ಪಂಜಲ್ಲ. ಒಕ್ಕಲುಗಳು. ಸೂಕ್ಷ್ಮಜೀವಿಗಳು. ಕೆಲವು ಜಾತಿ ಸ್ಪಂಜಿನ ಮೈ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಅವೇ ಇರ್ತವೆ. ಕೆಲವು ಊಟ ಮಾಡಿ ಹಾಕ್ತವೆ, ಕೆಲವು ಕಸ ಗುಡಿಸ್ತವೆ, ಕೆಲವು ವಿಷ ತಯಾರಿಸಿ ಕಾವಲು ಕಾಯ್ತವೆ. ಓಡೋಕೆ ಕಾಲಿಲ್ಲ, ಕಚ್ಚೋಕೆ ಹಲ್ಲಿಲ್ಲ, ಇದು ಇಷ್ಟು ಕಾಲ ಹೇಗೆ ಉಳೀತು ಅಂದ್ಕೊಂಡ್ರಿ? ಒಕ್ಕಲುಗಳ ಬಲದಿಂದ. ತಾಯಿ ಸ್ಪಂಜು ತನ್ನ ಮರಿಯನ್ನ ನೀರಿಗೆ ಬಿಡುವಾಗ ಇವನ್ನೂ ಬುತ್ತಿ ಕಟ್ಟಿ ಕಳಿಸುತ್ತೆ." ಅವಳು ಎರಡನೆಯ ಗಾಜನ್ನು ಇಟ್ಟಳು. "ಈಗ ಪುಡಿಯಲ್ಲಿ ಅದ್ದಿದ್ದನ್ನ ನೋಡಿ."

ನೋಡಿದೆವು. ಸಂತೆ ಮುಗಿದಿತ್ತು. ಚಾಟಿಗಳು ನಿಂತಿದ್ದವು.

ಕೊಳಕು ತೊಳೆಯುತ್ತೇನೆಂದವನು ತೊಳೆದದ್ದು ಏನನ್ನು ಎಂಬುದು ಕಣ್ಣಿಗೇ ಕಂಡಿತ್ತು. ಶುದ್ಧ ಮಾಡುತ್ತೇವೆಂದು ಬರುವವರೆಲ್ಲ ಹೀಗೆಯೇ. ಮೊದಲು ಒಳಗಿನವರನ್ನು ಕೊಲ್ಲುತ್ತಾರೆ, ಆಮೇಲೆ ಮನೆ ಯಾಕೆ ಬಿತ್ತು ಎಂದು ಕೇಳುತ್ತಾರೆ.

"ಸರಿ, ಪುಡಿ ಕೊಲ್ಲುತ್ತೆ," ಎಂದಳು ತರೈವಿನಿ. "ಬಿಳಿ ಮಚ್ಚೆ ಯಾಕೆ ಬಂತು? ಅದಕ್ಕೆ ಉತ್ತರ ಇಲ್ದೆ ರಾತು ಮುಂದೆ ಹೋದ್ರೆ 'ಹೋಗಮ್ಮ, ಮರಗೆಣಸು ಬೇಯಿಸು' ಅಂತಾನೆ."

"ನೀರು ಕಾದಿದ್ದಕ್ಕೆ ಒಕ್ಕಲುಗಳಲ್ಲಿ ಯಾವುದೋ ಒಂದು ಹದ ತಪ್ಪಿದೆ. ಇಲ್ಲಾ ಹೊರಗಿಂದ ಯಾವುದೋ ನುಗ್ಗಿದೆ. ಯಾವುದು ಅಂತ ಹೇಳೋಕೆ ನನ್ನ ಡಬ್ಬಿ ಸಾಲದು. ಆದ್ರೆ ನನಗೆ ಅರ್ಥ ಆಗದೇ ಇರೋದು ಅದಲ್ಲ. ರೋಗ ಬಂದ್ರೆ ಹತ್ತು ಸತ್ತು ಎರಡಾದ್ರೂ ಉಳೀಬೇಕು. ಇಲ್ಲಿ ಒಂದೂ ಯಾಕೆ ತಡ್ಕೊಳ್ತಿಲ್ಲ?" ಕೆಲೆರಾ ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದಳು. "ನಾನು ಊರಲ್ಲಿ ಇಲ್ದಾಗ ತೋಟ ಶುರುವಾಯ್ತು. ಮೊದಲ ತುಂಡು ಎಲ್ಲಿಂದ ತಂದ್ರಿ?"

ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು. ಅದನ್ನು ಕೇಳುವುದೇನಿದೆ? ಎಲ್ಲರೂ ಒಂದೇ ಕಡೆಯಿಂದ ತಂದಿದ್ದೆವು.

ಹಾಲರನ್ ಮೊದಲ ಸಲ ಬಂದಾಗ ನಮ್ಮ ನೀರಿನಲ್ಲಿ ಮುಖ ಕೆಳಗೆ ಮಾಡಿ ತೇಲುತ್ತ ದಿಬ್ಬವನ್ನೆಲ್ಲ ನೋಡಿ, ಕೊನೆಗೆ ಒಂದರತ್ತ ಬೆರಳು ತೋರಿಸಿದ್ದ. ರಾತು ವಂಶದ ಬಂಡೆಯ ಮೇಲೆ ಕೂತಿದ್ದ ಸ್ಪಂಜು. ಜೇನಿನ ಬಣ್ಣ, ರೊಟ್ಟಿಯ ಹಾಗೆ ಉರುಟು, ಕೂಸಿನ ಕೆನ್ನೆಯಷ್ಟು ನುಣುಪು. "ಎಲ್ಲಾ ಹೀಗೇ ಇರಬೇಕು. ಒಂದೇ ಬಣ್ಣ, ಒಂದೇ ಗಾತ್ರ," ಎಂದಿದ್ದ. ಮಾರುಕಟ್ಟೆಗೆ ಅಚ್ಚು ಬೇಕಿತ್ತು. ನಮ್ಮ ರಾತು ಜಿಪುಣನಲ್ಲ. ಬುಡ ಉಳಿಸಿ ಆ ಸ್ಪಂಜನ್ನು ಕುಯ್ಯಿಸಿ, ಮನೆಮನೆಗೂ ಒಂದೊಂದು ತುಂಡನ್ನು ಬಾಳೆಯೆಲೆಯಲ್ಲಿಟ್ಟು ಕಳಿಸಿದ. ನಾವು ಎರಡೂ ಕೈ ಚಾಚಿ, ತಲೆ ತಗ್ಗಿಸಿ ತೆಗೆದುಕೊಂಡೆವು.

ದೊರೆ ಕೊಟ್ಟ ಬೀಜದ ಪಕ್ಕದಲ್ಲಿ ತನ್ನ ಬೀಜ ನೆಡುವವರು ಯಾರು? ನಮ್ಮ ಒಂದೊಂದು ಕುಲಕ್ಕೂ ದಿಬ್ಬದಲ್ಲಿ ಅದರದ್ದೇ ಬಂಡೆಗಳಿದ್ದವು, ಆ ಬಂಡೆಗಳಲ್ಲಿ ಅವುಗಳದ್ದೇ ಸ್ಪಂಜು: ಕಪ್ಪು, ಗಂಟುಗಂಟು, ಒರಟು. ಅವನ್ನು ಹಗ್ಗಕ್ಕೆ ಕಟ್ಟಿದ್ದರೆ "ನಿನ್ನದಕ್ಕಿಂತ ನನ್ನದೇನು ಕಡಿಮೆ" ಎಂದು ರಾತುವಿನ ಮುಖಕ್ಕೆ ಹೇಳಿದಂತೆ. ಯಾರೂ ಕಟ್ಟಲಿಲ್ಲ. ಸಾಲದ್ದಕ್ಕೆ ಹಾಲರನ್ "ಇವು ಕಳೆ, ಕೀಳಿ" ಎಂದಾಗ ನಾವೇ ಚಾಕು ಹಿಡಿದು ನಮ್ಮ ಕುಲದ ಸ್ಪಂಜುಗಳನ್ನು ಕೆರೆದು ಹಾಕಿದೆವು. ಅವನು ಅಚ್ಚು ಕೇಳಿದ. ನಾವು ಭಕ್ತಿಯಿಂದ ಅಚ್ಚಾದೆವು.

ಕೆಲೆರಾ ಹಣೆ ಚಚ್ಚಿಕೊಂಡಳು. "ಅಯ್ಯೋ ನನ್ನ ಮರ್ಯಾದಸ್ತರಾ! ಇದು ತೋಟ ಅಲ್ವೇ. ಇದು ಒಂದೇ ಪ್ರಾಣಿ. ಒಂದೇ ಮೈಯನ್ನ ಸಾವಿರ ತುಂಡು ಮಾಡಿ ನೇತು ಹಾಕಿದ್ದೀರಿ."

"ಹೇಳೋದು ಸುಲಭ," ಎಂದಳು ತರೈವಿನಿ. "ರಾತುಗೆ ತೋರಿಸೋದು ಹೇಗೆ?"

"ತೋರಿಸ್ತೀನಿ. ನಿಮ್ಮ ನಿಮ್ಮ ಹಗ್ಗದಿಂದ ಒಂದೊಂದು ಚೆನ್ನಾಗಿರೋ ತುಂಡು ತನ್ನಿ."

ಅವಳು ಹೇಳಿದ ಹಾಗೆ ಮಾಡಿದೆವು. ನನ್ನ ತುಂಡನ್ನೂ ತರೈವಿನಿಯ ತುಂಡನ್ನೂ ಮೈಗೆ ಮೈ ಒತ್ತಿ ಗಾಳದ ದಾರದಿಂದ ಕಟ್ಟಿದಳು. ಹೀಗೆ ಇಬ್ಬಿಬ್ಬರ ತುಂಡುಗಳ ಜೋಡಿ ಮಾಡಿ, ಬಲೆಯ ಬುಟ್ಟಿಯಲ್ಲಿಟ್ಟು, ದಕ್ಕೆಯ ಕೆಳಗೆ ನೀರಿಗೆ ಇಳಿಬಿಟ್ಟಳು. "ಸ್ಪಂಜಿಗೆ ಕಣ್ಣಿಲ್ಲ, ಆದ್ರೆ ತನ್ನ ಮೈ ಯಾವುದು, ಪರರ ಮೈ ಯಾವುದು ಅಂತ ಗೊತ್ತು. ಒಂದೇ ಮೈ ಆಗಿದ್ರೆ ಬೆಸ್ಕೊಳ್ಳುತ್ತೆ. ಬೇರೆ ಆಗಿದ್ರೆ ನಡುವೆ ಗೋಡೆ ಕಟ್ಟುತ್ತೆ."

ಕೆಲವು ದಿನ ಬಿಟ್ಟು ಬುಟ್ಟಿ ಎತ್ತಿ ದಾರ ಕತ್ತರಿಸಿದೆವು. ನಾನು ನನ್ನದನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲಿ ನನ್ನದು ಮುಗಿದು ಎಲ್ಲಿ ತರೈವಿನಿಯದು ಶುರುವಾಯಿತೋ ಚಾಕುವಿನ ತುದಿಗೂ ಸಿಗಲಿಲ್ಲ. ಎಲ್ಲ ಜೋಡಿಗಳೂ ಹಾಗೆಯೇ.

"ಇಷ್ಟು ವರ್ಷದಿಂದ ನನ್ನನ್ನೂ ನಿಮ್ಮಣ್ಣನ್ನೂ ಒಟ್ಟಿಗೆ ಕಟ್ಟಿ ಹಾಕಿದ್ದಾರೆ, ನಾವೆಲ್ಲಿ ಹಿಂಗೆ ಬೆಸೆದಿದೀವೇ?" ಎಂದಳು ತರೈವಿನಿ.

"ಅದಕ್ಕೇ ಮನೇಲಿ ಒಬ್ಬರಿಗೆ ಜ್ವರ ಬಂದ್ರೆ ಇನ್ನೊಬ್ಬರು ಗಂಜಿ ಕಾಯಿಸೋಕೆ ಉಳೀತೀರಿ," ಎಂದಳು ಕೆಲೆರಾ.

ಅಲ್ಲಿಗೆ ಬೇಕಾದದ್ದೇನು ಎಂದು ಗೊತ್ತಾಯಿತು: ಬೇರೆ ಮೈಯ ಸ್ಪಂಜು, ಬೇರೆ ಬುತ್ತಿ ಕಟ್ಟಿಕೊಂಡು ಬಂದದ್ದು. ಆದರೆ ನಮ್ಮ ಬಂಡೆಗಳು ಬೋಳಾಗಿದ್ದವು. ಸಂದಿಗಳಲ್ಲಿ ಉಗುರಿನಷ್ಟು ಚಿಗುರು, ಅಷ್ಟೇ. ಅವು ಬೆಳೆಯುವವರೆಗೆ ಹಾಲರನ್ ಕಾಯುವುದಿಲ್ಲ.

"ನಾಮೊಲಿ," ಎಂದಳು ತರೈವಿನಿ. ಎಲ್ಲರೂ ನಕ್ಕೆವು, ಆಮೇಲೆ ಅವಳು ತಮಾಷೆ ಮಾಡುತ್ತಿಲ್ಲವೆಂದು ತಿಳಿದು ಇನ್ನೂ ಜೋರಾಗಿ ನಕ್ಕೆವು.

ನಾಮೊಲಿ ನಮಗೆ ತೌವು ಊರು. ಕಡಲಾಚೆ ಅರ್ಧ ದಿನದ ದಾರಿ. ನಮ್ಮಿಬ್ಬರ ಮೂಲದೈವ ಒಂದೇ. ಹಾಗಾಗಿ ಅವರ ಊರಿಗೆ ನಾವು ಹೋದರೆ ಕಣ್ಣಿಗೆ ಕಂಡದ್ದನ್ನು ಕೇಳದೆ ಎತ್ತಿಕೊಳ್ಳಬಹುದು, ಬಾಯಿಗೆ ಬಂದದ್ದನ್ನು ಬೈಯಬಹುದು. ಅವರೂ ಅಷ್ಟೆ. ತಡೆಯುವಂತಿಲ್ಲ, ಸಿಟ್ಟಾಗುವಂತಿಲ್ಲ. ಸಿಟ್ಟಾದವನು ದೈವಕ್ಕೆ ತಪ್ಪಿದವನು. ಹಿಂದಿನ ಸಾವಿನ ಮನೆಗೆ ಬಂದು ಅವರು ನಮ್ಮ ಕೊಬ್ಬಿದ ಹಂದಿಗಳನ್ನು ಹೊತ್ತುಕೊಂಡು ಹೋಗಿದ್ದರು. ಸರದಿ ನಮ್ಮದೇ ಇತ್ತು. ಆದರೆ ತೌವು ಊರಿನಿಂದ ಗಂಡಸರು ಹಂದಿ ಎತ್ತುವುದುಂಟು, ಕೋಳಿ ಎತ್ತುವುದುಂಟು. ಹೆಂಗಸರು ಹೋಗಿ ಕಡಲ ತಳದ ಒರಟು ಸ್ಪಂಜು ಎತ್ತಿದ್ದನ್ನು ಯಾರೂ ಕೇಳಿರಲಿಲ್ಲ.

ತರೈವಿನಿಯ ಗಂಡ ವೈಸಾಕೆ ದೋಣಿ ಬಿಟ್ಟ. "ಹಂದಿ ತರೋ ಹಾಗಿದ್ರೆ ಮಾತ್ರ ಎಣ್ಣೆ ಸುಡ್ತೀನಿ," ಎಂದು ಗೊಣಗಿದ. "ಎಣ್ಣೆ ಯಾರ ದುಡಿಮೇದು?" ಎಂದಳು ತರೈವಿನಿ. ಅವನು ಇಂಜಿನ್ ಹಚ್ಚಿದ.

ಹಾಡಹಗಲಲ್ಲಿ ಹೋಗಬೇಕು, ಕೂಗಿಕೊಂಡು ಹೋಗಬೇಕು, ಅದು ನಿಯಮ. ನಾಮೊಲಿಯ ದಿಬ್ಬ ತಲುಪಿದೊಡನೆ ನಾವು ಹೋ ಎಂದು ಕೂಗಿ ನೀರಿಗೆ ಧುಮುಕಿದೆವು. ಒಂದೊಂದು ಬಂಡೆಯದೂ ಒಂದೊಂದು ತರ. ಬೂದು, ಕಂದು, ಕಡುಗಪ್ಪು, ಕೆಲವಕ್ಕೆ ಕೊಂಬು, ಕೆಲವಕ್ಕೆ ಕಿವಿ. ಬುಡ ಉಳಿಸಿ ಮೇಲ್ಭಾಗವನ್ನಷ್ಟೇ ಕತ್ತರಿಸಬೇಕು, ಬುಡದಿಂದ ಅವರದು ಮತ್ತೆ ಬೆಳೆಯುತ್ತದೆ ಎಂದು ಕೆಲೆರಾ ಎಚ್ಚರಿಸಿದ್ದಳು. ತಲೆಯೆತ್ತಿ ನೋಡುವಷ್ಟರಲ್ಲಿ ದಡದ ತುಂಬ ಜನ. ಮುಂದೆ ನಿಂತವಳು ಮಾಕೆಲೆಸಿ. ಆ ಊರಿನ ಹಿರಿಯಳು, ಒಣಗಿದ ಶಾರ್ಕಿನ ಹಾಗೆ ತೆಳ್ಳಗೆ, ಬಾಯಿ ಮಾತ್ರ ಹಸಿಯ ಶಾರ್ಕಿನದು.

"ಬಂದ್ರಪ್ಪಾ ನುಕುವುಲಾದ ಹಸಿದ ಹೆಣ್ಣುಗಳು! ಹಂದಿ ಹಿಡಿಯೋ ತಾಕತ್ತಿಲ್ಲ, ಕಲ್ಲಿನ ಮೇಲಿನ ಪಾಚಿ ನೆಕ್ಕೋಕೆ ಬಂದವ್ರೆ!"

"ನಿಮ್ಮ ಹಂದಿ ನೋಡಿದ್ವಿ ಕಣಜ್ಜೀ," ಎಂದಳು ತರೈವಿನಿ ನೀರಿನಿಂದಲೇ, "ನಿಮ್ಮ ಗಂಡಸರು ಯಾರು, ಹಂದಿ ಯಾವುದು ಗೊತ್ತಾಗಲಿಲ್ಲ. ಅದಕ್ಕೇ ಬಿಟ್ವಿ!"

ದಡವೆಲ್ಲ ನಗೆ. ಮಾಕೆಲೆಸಿಯೂ ನಕ್ಕಳು, ನಕ್ಕು ಉಗಿದಳು. "ಎತ್ಕೊಳ್ಳಿ, ಎತ್ಕೊಳ್ಳಿ. ಆ ಗಂಟುಮೋರೆ ಸ್ಪಂಜು ನಿಮ್ಮ ಗಂಟುಮೋರೆಗೇ ಸರಿ. ನಿಮ್ಮ ಬಿಳಿ ಯಜಮಾನ ಇಲ್ಲಿಗೂ ಬಂದಿದ್ದ, ಗೊತ್ತಾ? ನಿಮ್ಮ ರಾತುನ ಉರುಟು ಸ್ಪಂಜಿನ ತುಂಡು ಬುಟ್ಟಿ ತುಂಬ ತಂದಿದ್ದ, ನೇತು ಹಾಕಿ ಅಂತ. ನಾನಂದೆ, ಆ ನುಕುವುಲಾ ಸೈರುಸಿಯ ಚರ್ಮ ನಮ್ಮ ನೀರಲ್ಲಿ ತೂಗಾಡಬೇಕಾ? ನಮ್ಮ ಮೀನೂ ವಾಂತಿ ಮಾಡ್ಕೊಳ್ತವೆ! ಬುಟ್ಟಿ ಸಮೇತ ವಾಪಸ್ ಕಳಿಸಿದೆ."

ನೀರಿನಲ್ಲಿ ಕೆಲೆರಾ ಚಾಕು ಹಿಡಿದವಳು ಹಾಗೇ ನಿಂತುಬಿಟ್ಟಳು. ನಾವು ಮರ್ಯಾದೆ ಕೊಟ್ಟು ಕಳೆದುಕೊಂಡದ್ದನ್ನು ಇವರು ಬೈಗುಳದಿಂದ ಉಳಿಸಿಕೊಂಡಿದ್ದರು.

ತರೈವಿನಿ ದಡಕ್ಕೆ ಬಂದು, ಸೊಂಟಕ್ಕೆ ಸುತ್ತಿದ ಒದ್ದೆ ಸುಲು ಬಟ್ಟೆ ಹಿಂಡಿಕೊಂಡು, ಮಾಕೆಲೆಸಿಯ ಕೈ ಹಿಡಿದಳು. "ಅಜ್ಜೀ, ಸ್ಪಂಜು ಎತ್ತಿದ್ದಾಯ್ತು. ಈಗ ನಿನ್ನನ್ನೂ ಎತ್ಕೊಂಡು ಹೋಗ್ತೀವಿ. ಆ ಬಿಳಿ ಯಜಮಾನ ಮತ್ತೆ ಬರೋ ದಿನ ವೈಸಾಕೆ ದೋಣಿ ತರ್ತಾನೆ. ಕೆಲಸ ಇದೆ."

"ಏನೇ ಕೆಲಸ?"

"ನಮ್ಮ ಬಾಯಲ್ಲಿ ಆಗದೇ ಇರೋದು."

ಊರಿಗೆ ಬಂದು ನಾಮೊಲಿಯ ತುಂಡುಗಳನ್ನು ಬಿಳಿ ಹಿಡಿದ ಹಗ್ಗಗಳ ನಡುವೆಯೇ ಪೋಣಿಸಿದೆವು, ಒಂದು ನಮ್ಮದು, ಒಂದು ಅವರದು. ಕೆಲವನ್ನು ನಮ್ಮ ತುಂಡಿನ ಜೊತೆ ಮೈಗೆ ಮೈ ಕಟ್ಟಿ ಬುಟ್ಟಿಗೂ ಹಾಕಿದೆವು. ಒಂದೇ ನೀರು, ಒಂದೇ ಬಿಸಿ, ಅದೇ ಹಂದಿದೊಡ್ಡಿ, ಅದೇ ತೊರೆ. ದಿನವೂ ಬೆಳಿಗ್ಗೆ ಮುಳುಗಿ ನೋಡುತ್ತಿದ್ದೆವು. ನಮ್ಮ ಉರುಟು ಸ್ಪಂಜು ಒಂದೊಂದಾಗಿ ಬಿಳಿಚಿ ಉದುರಿದವು. ಅವರ ಒರಟುಗಳಲ್ಲಿ ಕಂದು ಬಣ್ಣದ ಒಂದು ತಳಿಯೂ ಬಿಳಿಚಿತು. ಆದರೆ ಕಪ್ಪು ನಿಂತಿತು. ಬೂದು ನಿಂತಿತು. ಕೊಂಬಿನದ್ದಕ್ಕೆ ಮಚ್ಚೆ ಬಂದು, ಅಲ್ಲೇ ನಿಂತು, ಒಣಗಿ, ಕೆಳಗಿನಿಂದ ಹೊಸ ಮೈ ಬಂತು.

ಹಾಲರನ್ ಗುತ್ತಿಗೆಯ ಕಾಗದದೊಡನೆ ಬಂದ. ಸಭೆಯ ಮನೆ ತುಂಬಿತು. ಯಂಗೋನಾ ಕದಡಿದರು, ಚಪ್ಪಾಳೆ ತಟ್ಟಿದರು. ಮುಖಂಡ ಮಾತು ಶುರುಮಾಡುವ ಮುನ್ನ ತರೈವಿನಿ ಕೆಳಭಾಗದಿಂದ ಮಂಡಿಯೂರಿ ಮುಂದೆ ಬಂದು, ನೀರು ತುಂಬಿದ ಬೋಗುಣಿಯನ್ನು ರಾತುವಿನ ಎದುರು ಇಟ್ಟಳು. ಒಳಗೆ ಎರಡು ಜೋಡಿ ಸ್ಪಂಜು.

"ರಾತು, ಇದು ಅತ್ತಿಗೆ ಹಗ್ಗದ್ದೂ ಉನೈಸಿ ಹಗ್ಗದ್ದೂ ಕಟ್ಟಿದ್ದು," ಎಂದಳು ಕೆಲೆರಾ ತಲೆ ತಗ್ಗಿಸಿ. "ಇದು ಅತ್ತಿಗೇದೂ ನಾಮೊಲಿದೂ ಕಟ್ಟಿದ್ದು. ಬೇರೆ ಮಾಡಿ ನೋಡಿ."

ರಾತು ಮೊದಲನೆಯದನ್ನು ಎಳೆದ. ಬರಲಿಲ್ಲ. ಎರಡನೆಯದನ್ನು ಎತ್ತಿದ. ಎರಡರ ನಡುವೆ ಗಟ್ಟಿಯಾದ ಕಂದು ಗೀರು, ಚರ್ಮದ ಹಾಗೆ. ಬೆರಳು ಹಾಕಿದ್ದೇ ತಡ ಎರಡೂ ಬೇರೆಯಾದವು. ಮತ್ತೆ ಮೊದಲನೆಯದನ್ನು ಎತ್ತಿ ಹುಡುಕಿದ. ಗೀರು ಇರಲಿಲ್ಲ.

ಅವನು ಕೆಲೆರಾಳ ಮುಖ ನೋಡಿದ. ಇದರ ಅರ್ಥವನ್ನು ಯಾರಾದರೂ ಬಾಯಿಬಿಟ್ಟು ಹೇಳಬೇಕಿತ್ತು. ಹೇಳಿದರೆ "ದೊರೆಯೇ, ನಿನ್ನ ಕೊಡುಗೆಯಿಂದಲೇ ತೋಟ ಸಾಯುತ್ತಿದೆ" ಎಂದು ಹೇಳಬೇಕು. ಈ ಊರಿನಲ್ಲಿ ಹುಟ್ಟಿದ ಯಾವ ನಾಲಗೆಗೂ ಅದು ಬರುವುದಿಲ್ಲ. ಕೆಲೆರಾಳಿಗೂ ಬರಲಿಲ್ಲ. ತರೈವಿನಿಗೂ ಬರಲಿಲ್ಲ. ಅವಳು ಬಾಗಿಲ ಕಡೆ ನೋಡಿದಳು.

"ಏ ಸೈರುಸೀ!"

ರಾತು ಎನ್ನದೆ ಅವನ ಹೆಸರನ್ನು ಯಾರಾದರೂ ಕೂಗಿದ್ದನ್ನು ನಾವು ಕೇಳಿರಲಿಲ್ಲ. ಬಾಗಿಲಲ್ಲಿ ಮಾಕೆಲೆಸಿ ನಿಂತಿದ್ದಳು. ಕೂರಲಿಲ್ಲ, ಬಾಗಲಿಲ್ಲ, ನಡುಮನೆಗೆ ನಡೆದೇ ಬಂದಳು. ತೌವು ಊರಿನವಳು. ಅವಳಿಗೆ ಎಲ್ಲ ಮಾಫಿ.

"ಏನೋ ಸೈರುಸೀ, ನೀನು ನಿನ್ನ ಚಂದದ ಮೂಗು ಕುಯ್ದು ಊರಿನೋರ ಮುಖಕ್ಕೆಲ್ಲಾ ಅಂಟಿಸಿದ್ಯಂತೆ? ಅವರೂ ತಮ್ಮ ತಮ್ಮ ಮೂಗು ಕೆರೆದು ಬಿಸಾಕಿ ನಿನ್ನದನ್ನೇ ಇಟ್ಕೊಂಡ್ರಂತೆ? ಈಗ ಆ ಮೂಗಿಗೆ ನೆಗಡಿ. ಊರಿಗೆಲ್ಲಾ ಒಂದೇ ಮೂಗು, ಒಂದೇ ನೆಗಡಿ. ಒರೆಸೋಕೆ ನೆಟ್ಟಗಿರೋನು ಒಬ್ಬನೂ ಇಲ್ಲ! ನಮ್ಮ ಊರಿನ ಸೊಟ್ಟ ಮೂಗು, ಚಪ್ಪಟೆ ಮೂಗು ನಿನ್ನ ಇದೇ ಗಲೀಜು ನೀರಲ್ಲಿ ನೇತಾಡ್ತಾ ಉಸಿರಾಡ್ತಾ ಅವೆ. ಹೋಗಿ ಮುಳುಗಿ ನೋಡು, ಹೊಟ್ಟೆ ತೇಲದೇ ಇದ್ರೆ!"

ಯಾರೋ ಒಬ್ಬರು ನಗು ತಡೆಯಲಾರದೆ ಕೆಮ್ಮಿದರು. ರಾತು ಬೋಗುಣಿಯನ್ನೇ ನೋಡುತ್ತಿದ್ದ. ಬೆಸೆದದ್ದನ್ನು ಎತ್ತಿದ, ಬೆಸೆಯದದ್ದನ್ನು ಎತ್ತಿದ. ಅವನ ಭುಜ ಅಲುಗತೊಡಗಿತು. ಅವನು ನಕ್ಕ. ನಗಲೇಬೇಕಿತ್ತು, ತೌವು ಬೈದಾಗ ನಗದವನು ಮನುಷ್ಯನಲ್ಲ. ಆದರೆ ಅದು ಬರಿಯ ಪದ್ಧತಿಯ ನಗೆಯಲ್ಲ. ಬಹಳ ದಿನದ ಹೆದರಿಕೆ ಇಳಿದವನ ನಗೆ.

ಹಾಲರನ್‌ಗೆ ಅರ್ಧ ಅರ್ಥವಾಗಿತ್ತು. ತನ್ನ ಅಚ್ಚಿನ ನಗೆ ನಕ್ಕು, "ಅಜ್ಜಿ ನನಗೇನೂ ಬೈಯಲಿಲ್ಲವಲ್ಲ?" ಎಂದ.

ಮಾಕೆಲೆಸಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ನಿನಗ್ಯಾಕೆ ಬೈಯಲಪ್ಪ? ಬೈಸ್ಕೊಳ್ಳೋಕೂ ಸಂಬಂಧ ಬೇಕು."

ರಾತು ಎದ್ದ. ಸಭೆಯ ಮನೆಯಿಂದ ನೇರ ದಡಕ್ಕೆ ಹೋಗಿ, ಅಂಗಿ ಕಳಚಿ, ನೀರಿಗಿಳಿದ. ಹೊಟ್ಟೆ ತೇಲಿತು ನಿಜ, ಆದರೆ ಮುಳುಗಿದ. ನಾವೆಲ್ಲ ದಡದಲ್ಲಿ ನಿಂತೆವು. ಹಗ್ಗದಿಂದ ಹಗ್ಗಕ್ಕೆ ಹೋದ. ಉದುರಿದ ಜೇನುಬಣ್ಣದ್ದನ್ನು ಮುಟ್ಟಿದ, ಅದರ ಪಕ್ಕದ ಕಪ್ಪನ್ನು ಮುಟ್ಟಿದ. ಬಹಳ ಹೊತ್ತಿನ ಮೇಲೆ ದಡಕ್ಕೆ ಬಂದು, ಮೊಣಕಾಲಷ್ಟು ನೀರಿನಲ್ಲಿ ನಿಂತುಕೊಂಡೇ ಹೇಳಿದ:

"ನೀರಿಗೆ ಏನೂ ಆಗಿಲ್ಲ. ಹಾಲರನ್, ನಿನ್ನ ಪುಡಿ, ನಿನ್ನ ಕಾಗದ ಎರಡೂ ತಗೊಂಡು ಹೋಗು. ಸ್ಪಂಜು ಬೇಕಾದ್ರೆ ಬಾ, ಕಪ್ಪು, ಬೂದು, ಗಂಟು, ಯಾವುದು ಬೆಳೆಯುತ್ತೋ ಅದನ್ನ ಕೊಳ್ಳು. ಬೇಡದಿದ್ರೆ ಕೊಳ್ಳೋರು ಇನ್ನೂ ಇದ್ದಾರೆ." ಆಮೇಲೆ ನಮ್ಮ ಕಡೆ ತಿರುಗಿದ. "ನಿಮ್ಮ ನಿಮ್ಮ ಕುಲದ ಬಂಡೆಯ ಸಂದೀಲಿ ಏನೇನು ಉಳಿದಿದೆಯೋ ನೋಡಿ. ಅದನ್ನ ಕಟ್ಟಿ. ನಾನು ಹೇಳ್ತಿದ್ದೀನಿ, ಕಟ್ಟಿ."

"ನಿಮ್ಮ ಬಂಡೆಯ ತಾಯಿಸ್ಪಂಜು, ರಾತು?" ಎಂದು ಕೇಳಿದಳು ತರೈವಿನಿ. ಅದಕ್ಕಿನ್ನೂ ಬಿಳಿ ಮುಟ್ಟಿರಲಿಲ್ಲ. "ಅದನ್ನ ಕೀಳೋದು ಬೇಡ ತಾನೆ?"

"ಇರಲಿ," ಎಂದ ರಾತು. "ಎಲ್ಲದರ ಜೊತೆ ಅದೂ ಒಂದು ಇರಲಿ."

ಅಷ್ಟರಲ್ಲಿ ಅವನ ಮನೆಯ ಹಿಂದಿನಿಂದ ಒಂದು ಹಂದಿ ಕಿರುಚಿಕೊಂಡಿತು. ಮಾಕೆಲೆಸಿ ಅದರ ಹಿಂಗಾಲಿಗೆ ಹಗ್ಗ ಹಾಕಿ ದೋಣಿಯ ಕಡೆ ಎಳೆದುಕೊಂಡು ಬರುತ್ತಿದ್ದಳು. ಇಡೀ ನುಕುವುಲಾದಲ್ಲಿ ಅದಕ್ಕಿಂತ ಕೊಬ್ಬಿದ್ದು ಇರಲಿಲ್ಲ.

"ಹಿಡೀರೋ!" ಎಂದು ಕೂಗಿದ ವೈಸಾಕೆ.

"ಯಾರು ಹಿಡೀತಾರೋ ನೋಡ್ತೀನಿ!" ಎಂದಳು ಮುದುಕಿ.

ಯಾರೂ ಹಿಡಿಯಲಿಲ್ಲ. ನಾವು ಚಾಕು, ದಾರ, ಬುಟ್ಟಿ ತೆಗೆದುಕೊಂಡು ನಮ್ಮ ನಮ್ಮ ಬಂಡೆಗಳತ್ತ ಈಜಿದೆವು.